ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಡಿಮ್ಯಾಟ್ ಖಾತೆ ಮುಚ್ಚುವುದಿಲ್ಲ

ಇದ್ದ ಷೇರುಗಳನ್ನೆಲ್ಲ ಮಾರಿ, ಹಣವನ್ನು ಬ್ಯಾಂಕ್ ಖಾತೆಗೆ ತಂದುಕೊಂಡು, ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರೆ ಷೇರು ಬ್ರೋಕರ್ ಜೊತೆಗಿನ ವ್ಯವಹಾರ ಮುಗಿಯಿತು ಎಂದೇ ನಾನು ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿಯಲು ಒಂದೂವರೆ ವರ್ಷ ಬೇಕಾಯಿತು. ತಪ್ಪನ್ನು ಸರಿಪಡಿಸಿಕೊಳ್ಳಲು ಇನ್ನೂ ಎಂಟು ತಿಂಗಳು ಹಿಡಿಯಿತು. ಹಣದ ನಷ್ಟ ದೊಡ್ಡದಲ್ಲ. ಆದರೆ ಬೇರೆ ಬ್ರೋಕರ್‌ಗಳ ಗ್ರಾಹಕರಾದ ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳೂ ಇದೇ ತೊಡಕಿನಲ್ಲಿ ಸಿಕ್ಕಿಕೊಂಡಿರುವುದರಿಂದ, ನಡೆದದ್ದನ್ನು ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ನಾನು ಖಾತೆ ತೆರೆದದ್ದು 2020ರ ಆಗಸ್ಟ್‌ನಲ್ಲಿ. ಆಗ ಕೊಂಡದ್ದು ರಿಲಯನ್ಸ್ ಇಂಡಸ್ಟ್ರೀಸ್‌ನ 24 ಷೇರುಗಳು ಮಾತ್ರ. 2023ರ ಜುಲೈ ಕೊನೆಯ ವಾರದಲ್ಲಿ ಅವನ್ನು ಮಾರಿದೆ. ನಾನು ಗಮನಿಸದೆ ಹೋದ ಸಂಗತಿಯೆಂದರೆ, ಆ ತಿಂಗಳ 20ನೇ ತಾರೀಖಿನಂದು ಯಾರ ಖಾತೆಯಲ್ಲಿ ರಿಲಯನ್ಸ್ ಷೇರುಗಳಿದ್ದವೋ ಅವರಿಗೆಲ್ಲ ರಿಲಯನ್ಸ್‌ನಿಂದ ಬೇರ್ಪಟ್ಟ ಕಂಪನಿಯಾದ ಜಿಯೋ ಫೈನಾನ್ಷಿಯಲ್ ಸರ್ವಿಸಸ್‌ನ ಷೇರುಗಳು ಒಂದಕ್ಕೆ ಒಂದರಂತೆ ಸಿಗಬೇಕಾಗಿತ್ತು. ಅವು ಆಗಸ್ಟ್‌ನಲ್ಲಿ ಬಂದು ಷೇರುಗಳನ್ನಿಡುವ ನನ್ನ ಡಿಮ್ಯಾಟ್ ಖಾತೆಯಲ್ಲಿ ಕುಳಿತವು. ಖಾತೆ ಖಾಲಿಯಾಗಿದೆ ಎಂದು ನಾನು ತಿಳಿದಿದ್ದ ಹೊತ್ತಿಗೆ ಅದರಲ್ಲಿ 24 ಹೊಸ ಷೇರುಗಳಿದ್ದವು. ಖಾತೆಗೆ ನಾನು ಕೊಟ್ಟಿದ್ದ ಇ-ಮೇಲ್ ವಿಳಾಸ ಕಾಲೇಜಿನದು. ನಿವೃತ್ತಿಯ ನಂತರ ಅದು ನಿಂತುಹೋಗಿದ್ದರಿಂದ ಡಿಮ್ಯಾಟ್ ಖಾತೆಗಳನ್ನು ಇಟ್ಟುಕೊಳ್ಳುವ ಸಂಸ್ಥೆಯಾದ ಡಿಪಾಸಿಟರಿಯ ಒಟ್ಟು ಹಿಡುವಳಿ ಪಟ್ಟಿಯೂ ಬ್ರೋಕರ್‌ನ ಪತ್ರಗಳೂ ನನ್ನನ್ನು ತಲುಪಲಿಲ್ಲ.

ವಿಷಯ ಬೆಳಕಿಗೆ ಬಂದದ್ದು 2025ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ನಾನು ನಮ್ಮ ಬ್ಯಾಂಕಿನಲ್ಲೇ ಮತ್ತೊಂದು ಡಿಮ್ಯಾಟ್ ಖಾತೆ ತೆರೆದಿದ್ದೆ. 2024ರ ಸೆಪ್ಟೆಂಬರ್‌ನಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ, 4 ಲಕ್ಷ ರೂಪಾಯಿವರೆಗಿನ ಹಿಡುವಳಿಯ ಮೂಲ ಸೇವಾ ಡಿಮ್ಯಾಟ್ ಖಾತೆಗೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ. 4ರಿಂದ 10 ಲಕ್ಷದವರೆಗೆ 100 ರೂಪಾಯಿ ಮಾತ್ರ. ನನ್ನ ಖಾತೆಯನ್ನೂ ಹಾಗೆ ಬದಲಿಸಿಕೊಡಿ ಎಂದು ಕೇಳಿದಾಗ, ನಿಮ್ಮ ಪ್ಯಾನ್ ಸಂಖ್ಯೆಯಲ್ಲಿ ಇನ್ನೊಂದು ಖಾತೆ ಚಾಲ್ತಿಯಲ್ಲಿದೆ ಎಂಬ ಉತ್ತರ ಬಂತು. ಒಬ್ಬ ವ್ಯಕ್ತಿ ಏಕೈಕ ಅಥವಾ ಮೊದಲ ಖಾತೆದಾರನಾಗಿರುವ ಖಾತೆ ಒಂದೇ ಇದ್ದರೆ ಮಾತ್ರ ಈ ಸೌಲಭ್ಯ ದೊರೆಯುತ್ತದೆ. ಮರೆತುಬಿಟ್ಟ ಹಳೆಯ ಖಾತೆ ಹೀಗೆ ಹೊಸ ಖಾತೆಗೂ ವರ್ಷವರ್ಷ ಖರ್ಚು ತರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಹಳೆಯ ಆ್ಯಪ್ ಮತ್ತೆ ಹಾಕಿ ಲೆಡ್ಜರ್, ಅಂದರೆ ಜಮಾಖರ್ಚಿನ ಪುಟ, ತೆರೆದಾಗ 835 ರೂಪಾಯಿ ಬಾಕಿ ಕಾಣಿಸಿತು. ವರ್ಷಕ್ಕೆ 300 ರೂಪಾಯಿಯಂತೆ ಎರಡು ವರ್ಷದ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ಉಳಿದದ್ದು ತಡವಾದುದಕ್ಕೆ ಬಡ್ಡಿ. ಬಾಕಿಯಿದ್ದರೆ ಖಾತೆ ಮುಚ್ಚುವ ಅರ್ಜಿಯನ್ನೇ ಸ್ವೀಕರಿಸುವುದಿಲ್ಲವೆಂದರು, ಕಟ್ಟಿದೆ. ಅನಂತರ ಗ್ರಾಹಕ ಸೇವೆಗೆ ಫೋನ್ ಮಾಡಿ ಖಾತೆ ಮುಚ್ಚಬೇಕೆಂದು ಹೇಳಿದೆ. ಆ ಕಡೆಯಿಂದ ಮಾತನಾಡಿದವರು ಮೊದಲು ಒಂದು ವರ್ಷ ಶುಲ್ಕ ಬಿಡುತ್ತೇವೆ ಎಂದರು, ನಾನು ಒಪ್ಪದಿದ್ದಾಗ ‘ಆಯಿತು ಸರ್, ನಿಮ್ಮ ಖಾತೆಯನ್ನು ನಿಲ್ಲಿಸಿದ್ದೇವೆ’ ಎಂದರು. ನಾನು ಸಮಾಧಾನಪಟ್ಟುಕೊಂಡೆ.

ನಾನು ಮೋಸಹೋದದ್ದು ಈ ಒಂದು ಮಾತಿನಲ್ಲಿ. ಅವರು ಮಾಡಿದ್ದು ಟ್ರೇಡಿಂಗ್ ಖಾತೆಯನ್ನು ಫ್ರೀಜ್ ಮಾಡುವುದು. ಖಾತೆಯಲ್ಲಿ ಅನುಮಾನಾಸ್ಪದ ಚಟುವಟಿಕೆ ಕಂಡರೆ ಗ್ರಾಹಕನು ಕೂಡಲೇ ಆನ್‌ಲೈನ್ ಪ್ರವೇಶವನ್ನು ತಡೆಹಿಡಿಯಲಿ ಎಂದು ಸೆಬಿ 2024ರಲ್ಲಿ ಈ ವ್ಯವಸ್ಥೆ ತಂದಿತು, ಉದ್ದೇಶ ಒಳ್ಳೆಯದೇ. ಆದರೆ ಫ್ರೀಜ್ ಆದ ಖಾತೆ ಮುಚ್ಚಿದ ಖಾತೆಯಲ್ಲ. ಖರೀದಿ ಮತ್ತು ಮಾರಾಟಕ್ಕೆ ಟ್ರೇಡಿಂಗ್ ಖಾತೆ, ಷೇರುಗಳನ್ನಿಡಲು ಡಿಮ್ಯಾಟ್ ಖಾತೆ. ಇವೆರಡೂ ಬೇರೆ ಬೇರೆ. ಶುಲ್ಕ ಹುಟ್ಟುವುದು ಡಿಮ್ಯಾಟ್ ಖಾತೆಯಲ್ಲಿ. ಅದಿರುವುದು ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿಯ ಬಳಿ, ಬ್ರೋಕರ್ ಅದರ ಪ್ರತಿನಿಧಿ ಅಷ್ಟೆ. ಆಗಸ್ಟ್‌ನಲ್ಲಿ ಮತ್ತೆ 354 ರೂಪಾಯಿ ಕಟ್ಟಿ ಎಂಬ ಸಂದೇಶ ಬಂದಾಗಲೇ ನನಗೆ ಇದು ಅರ್ಥವಾದದ್ದು. ಫೋನಿನಲ್ಲಿ ನಡೆದ ಮಾತಿಗೆ ನನ್ನ ಬಳಿ ಯಾವ ದಾಖಲೆಯೂ ಇರಲಿಲ್ಲ. ಹಣ ಕಟ್ಟಿ, ಈ ಬಾರಿ ಎಲ್ಲವನ್ನೂ ಬರವಣಿಗೆಯಲ್ಲೇ ನಡೆಸಿದೆ.

ಖಾತೆಯಲ್ಲಿ ಷೇರುಗಳಿದ್ದರೆ ಅವನ್ನು ಮಾರಲೇಬೇಕೆಂದಿಲ್ಲ. ಮುಚ್ಚುವ ಅರ್ಜಿಯಲ್ಲೇ ನಿಮ್ಮ ಇನ್ನೊಂದು ಡಿಮ್ಯಾಟ್ ಖಾತೆಗೆ ವರ್ಗಾಯಿಸುವಂತೆ ಕೇಳಬಹುದು. ಎರಡೂ ಖಾತೆಗಳ ಹೆಸರು, ಪ್ಯಾನ್ ಒಂದೇ ಆಗಿದ್ದರೆ ಈ ವರ್ಗಾವಣೆಗೆ ಶುಲ್ಕ ಪಡೆಯುವಂತಿಲ್ಲ. ನಿಮ್ಮಿಂದ ನಿಮಗೇ ವರ್ಗಾವಣೆಯಾದ್ದರಿಂದ ತೆರಿಗೆಯೂ ಬರುವುದಿಲ್ಲ. ಅರ್ಜಿಯ ಜೊತೆಗೆ ಹೊಸ ಖಾತೆಯ ಕ್ಲೈಂಟ್ ಮಾಸ್ಟರ್ ಪಟ್ಟಿ, ಅಂದರೆ ಖಾತೆದಾರನ ವಿವರಗಳ ಪಟ್ಟಿ ಬೇಕು, ಅದರ ಮೇಲೆ ಆ ಬ್ಯಾಂಕಿನ ಮೊಹರು ಮತ್ತು ಸಹಿ ಇರಬೇಕು. ಷೇರು ವರ್ಗಾಯಿಸಲು ಬರೆದುಕೊಡುವ ಡಿಐಎಸ್ ಚೀಟಿಗಳ ಬಳಸದ ಪುಸ್ತಕವಿದ್ದರೆ ಹಿಂದಿರುಗಿಸಬೇಕು. ಒತ್ತೆಯಿಟ್ಟ ಷೇರುಗಳಿದ್ದರೆ ಮೊದಲು ಬಿಡಿಸಿಕೊಳ್ಳಬೇಕು.

ನನ್ನ ಮೊದಲ ಅರ್ಜಿ ಸಹಿ ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಮರಳಿ ಬಂತು. 2020ರಲ್ಲಿ ಖಾತೆ ತೆರೆಯುವಾಗ ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಗೀಚಿದ್ದೇ ಅವರ ಬಳಿಯಿರುವ ನನ್ನ ಸಹಿ. ಅದು ಕಾಗದದ ಮೇಲಿನ ಸಹಿಗೆ ಹೊಂದುವುದಾದರೂ ಹೇಗೆ? ಬ್ಯಾಂಕಿನಿಂದ ಸಹಿ ದೃಢೀಕರಣ ಪತ್ರ ತಂದು ಎರಡನೆಯ ಬಾರಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಡಿಮ್ಯಾಟ್ ಖಾತೆ ಮುಚ್ಚಲು ಹೂಡಿಕೆದಾರರ ಹಕ್ಕುಗಳನ್ನೂ ಸೇವೆಗಳ ಅವಧಿಯನ್ನೂ ಹೇಳುವ ಹೂಡಿಕೆದಾರರ ಸನ್ನದಿನಲ್ಲಿ 30 ದಿನಗಳ ಗಡುವಿದೆ. ಅದೂ ಮೀರಿದಾಗ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ದಾಖಲಿಸಿದೆ. ಅಲ್ಲಿ ದೂರಿಗೆ ಬ್ರೋಕರ್ 21 ದಿನಗಳೊಳಗೆ ಕ್ರಮದ ವರದಿ ಸಲ್ಲಿಸಬೇಕು. ಹನ್ನೊಂದನೆಯ ದಿನ ಷೇರುಗಳು ಬ್ಯಾಂಕಿನ ಖಾತೆಗೆ ಬಂದವು, ಹಳೆಯ ಖಾತೆ ಮುಚ್ಚಿದ ದೃಢೀಕರಣವೂ ಬಂತು. ಮುಂಗಡವಾಗಿ ಕಟ್ಟಿದ ಶುಲ್ಕದಲ್ಲಿ ಉಳಿದ ತ್ರೈಮಾಸಿಕಗಳ ಪಾಲನ್ನು ಮರಳಿಸಬೇಕೆಂಬ ನಿಯಮವನ್ನು ದೂರಿನಲ್ಲಿ ನೆನಪಿಸಿದ್ದರಿಂದ 265 ರೂಪಾಯಿ 50 ಪೈಸೆ ಹಿಂದೆ ಬಂತು. ಕೇಳದಿದ್ದರೆ ಕೊಡುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ.

ಒಂದು ಕೆಲಸವನ್ನು ನಾನು ಮುಂಚೆಯೇ ಮಾಡಬೇಕಾಗಿತ್ತು. ಷೇರುಗಳು ಹೊಸ ಖಾತೆಗೆ ಹೋಗುತ್ತವೆ, ಕೊಂಡ ಬೆಲೆಯ ವಿವರ ಹೋಗುವುದಿಲ್ಲ. ಜಿಯೋ ಫೈನಾನ್ಷಿಯಲ್ ಷೇರುಗಳ ಖರೀದಿ ಬೆಲೆಯೆಂದರೆ ರಿಲಯನ್ಸ್‌ಗೆ ನಾನು ಕೊಟ್ಟ ಮೂಲ ಬೆಲೆಯ ಶೇ 4.68, ಅದನ್ನು ತೋರಿಸಲು 2020ರ ಕಾಂಟ್ರಾಕ್ಟ್ ನೋಟ್, ಅಂದರೆ ಬ್ರೋಕರ್ ಕೊಡುವ ಖರೀದಿಯ ಚೀಟಿ ಬೇಕು. ಅದು ನಿಂತುಹೋದ ಕಾಲೇಜಿನ ಇ-ಮೇಲ್‌ನಲ್ಲಿತ್ತು, ಬ್ರೋಕರ್‌ನ ತಾಣಕ್ಕೆ ಲಾಗಿನ್ ಆಗಲು ಈಗ ಖಾತೆಯೇ ಇಲ್ಲ. ಕಾಂಟ್ರಾಕ್ಟ್ ನೋಟ್‌ಗಳು, ಲೆಡ್ಜರ್, ಪ್ರತಿ ವರ್ಷದ ಲಾಭನಷ್ಟದ ವಿವರ, ಇವಿಷ್ಟನ್ನು ಅರ್ಜಿ ಕಳುಹಿಸುವ ಮೊದಲೇ ಇಳಿಸಿಟ್ಟುಕೊಳ್ಳಿ. ನಾನು ಮತ್ತೆ ಎರಡು ಪತ್ರ ಬರೆದ ಮೇಲೆ ಅವು ಕೈಗೆ ಬಂದವು.