ಬ್ರೇಸ್‌ಲೆಟ್ ತರಿಸಿಕೊಳ್ಳಿ, ಓಲೆ ಬೇಡ

ನನ್ನ 14 ವರ್ಷದ ಮಗಳು ಈ ಆನ್‌ಲೈನ್ ಅಂಗಡಿಯಿಂದ ಒಂದು ಬ್ರೇಸ್‌ಲೆಟ್, ಒಂದು ಜೊತೆ ಓಲೆ ತರಿಸಿಕೊಂಡಳು. ಎರಡನ್ನೂ ಅವಳೇ ಡಿಸೈನ್ ಮಾಡಿದ್ದು. ಮೂರು ತಿಂಗಳು ಬಳಸಿ ನೋಡಿ ಬರೆಯುತ್ತಿದ್ದೇನೆ.

ಜೋಡಿಸುವ ಪುಟ ನಿಜಕ್ಕೂ ತುಂಬಾ ಚೆನ್ನಾಗಿದೆ. ಮೊದಲು ಸರಪಳಿ ಆರಿಸಬೇಕು, ಆಮೇಲೆ ಚಾರ್ಮ್ (ಸರಪಳಿಗೆ ತೂಗುಹಾಕುವ ಪುಟ್ಟ ಆಕೃತಿ), ಅಕ್ಷರದ ಮಣಿ ಒಂದೊಂದೇ ಎಳೆದು ಇಡುತ್ತಾ ಹೋದ ಹಾಗೆ ಪರದೆಯ ಮೇಲೆ ಬ್ರೇಸ್‌ಲೆಟ್ ತಯಾರಾಗುತ್ತದೆ. ಮಗಳು ಒಂದು ಸಂಜೆ ಪೂರ್ತಿ ಅದರ ಮುಂದೆ ಕೂತಿದ್ದಳು. ನಕ್ಷತ್ರ ತೆಗೆದು ಬೆಕ್ಕು ಇಟ್ಟಳು, ಬೆಕ್ಕು ತೆಗೆದು ಚಂದ್ರ ಇಟ್ಟಳು, ಊಟಕ್ಕೆ ಕರೆದರೂ ಏಳಲಿಲ್ಲ, ಕೊನೆಗೆ ಬೆಕ್ಕೇ ಗೆದ್ದಿತು, ಅದರ ಎರಡೂ ಪಕ್ಕದಲ್ಲಿ ಅವಳ ಹೆಸರಿನ ಮತ್ತು ಗೆಳತಿಯ ಹೆಸರಿನ ಮೊದಲ ಅಕ್ಷರ. ಮಣಿಕಟ್ಟಿನ ಅಳತೆಯನ್ನೂ ಕೇಳುತ್ತಾರೆ. ಇದು ನನಗೆ ಬಹಳ ಇಷ್ಟವಾಯ್ತು. ಸಾಮಾನ್ಯವಾಗಿ ಸಿಗುವ 18 ಸೆಂ.ಮೀ. ಬ್ರೇಸ್‌ಲೆಟ್ ಅವಳ ಕೈಯಿಂದ ಜಾರಿ ಬೀಳುತ್ತಿತ್ತು, ಇಲ್ಲಿ 16 ಆರಿಸಿದೆವು, ಅಳತೆಗೆ ಸರಿಯಾಗಿ ಬಂತು.

ಒಂದು ಕೊರತೆ ಇದೆ. ಚಾರ್ಮ್ ಹಿಡಿದಿರುವ ಪುಟ್ಟ ಉಂಗುರಗಳ ಬಾಯಿ ಸರಿಯಾಗಿ ಕೂಡಿರಲಿಲ್ಲ, ಉಗುರು ತೂರುವಷ್ಟು ಸಂದಿ ಇತ್ತು. ಎರಡನೇ ವಾರ ಬೆಕ್ಕು ಕಳೆದೇ ಹೋಯ್ತು. ಪಾಪ, ಅತ್ತಳು. ಬೇರೆ ಬೆಕ್ಕು ಬೇಗ ಕಳಿಸಿಕೊಟ್ಟರು. ಉಳಿದ ಉಂಗುರಗಳನ್ನು ನಾನೇ ಎರಡು ಚಿಕ್ಕ ಇಕ್ಕಳ ಹಿಡಿದು ಮುಚ್ಚಿದೆ. ನೀವೂ ಮಾಡುವುದಾದರೆ ಎರಡು ತುದಿಯನ್ನು ಅಗಲಕ್ಕೆ ಎಳೆಯಬೇಡಿ, ಆಕಾರ ಕೆಡುತ್ತದೆ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ, ಹಾಗೇ ವಾಪಸ್ ತಂದು ಕೂಡಿಸಿ.

ಓಲೆಯ ವಿಷಯಕ್ಕೆ ನನಗೆ ಸಿಟ್ಟಿದೆ. ಮೂರನೇ ದಿನಕ್ಕೆ ತೂತಿನ ಸುತ್ತ ಕೆಂಪಾಯ್ತು, ನವೆ ಶುರುವಾಯ್ತು, ಆಮೇಲೆ ನೀರು ಒಸರಿತು. ಯಾವುದರಿಂದ ಅಲರ್ಜಿ ಅಂತ ಚರ್ಮಕ್ಕೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಅನ್ನು ಡಾಕ್ಟರ್ ಮಾಡಿಸಿದರು. ನಿಕಲ್ ಅಲರ್ಜಿ. ಇದು ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಪುಟದಲ್ಲಿ ಚಿನ್ನದ ಲೇಪ ಅಂತ ಬರೆದಿದ್ದಾರೆ, ಲೇಪದ ಕೆಳಗೆ ಯಾವ ಲೋಹ ಅಂತ ಒಂದು ಸಾಲೂ ಇಲ್ಲ. ಗಿಲೀಟು ಸವೆದ ಮೇಲೆ ಚರ್ಮಕ್ಕೆ ತಾಗುವುದು ಅದೇ ಅಲ್ವಾ? ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆ ಕಾನೂನೇ ಇದೆ. ಚುಚ್ಚಿದ ತೂತಿಗೆ ಹಾಕುವ ಕಡ್ಡಿಯಿಂದ ಹೊರಬರುವ ನಿಕಲ್ ವಾರಕ್ಕೆ ಒಂದು ಚದರ ಸೆಂ.ಮೀ.ಗೆ 0.2 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. ಚರ್ಮದ ಮೇಲಷ್ಟೇ ಇರುವ ಸರ, ಬಳೆಗಳಿಗೆ 0.5ರ ಮಿತಿ, ಅಂದರೆ ತೂತಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು.

ಬರೆದು ಕೇಳಿದೆ. ಕ್ಷಮೆ ಕೇಳಿದರು, ಹಣವನ್ನೂ ವಾಪಸ್ ಕೊಟ್ಟರು. ಲೋಹ ಯಾವುದು ಅನ್ನುವ ಪ್ರಶ್ನೆಗೆ ಮಾತ್ರ ಎರಡು ಸಲ ಕೇಳಿದರೂ ಉತ್ತರ ಬರಲಿಲ್ಲ. ಈ ವಯಸ್ಸಿನ ಹುಡುಗಿಯರು ಬಣ್ಣ ನೋಡುತ್ತಾರೆ, ಆಕಾರ ನೋಡುತ್ತಾರೆ, ನೋಡಲಿ, ಅದೇ ಸಂತೋಷ. ಲೋಹದ ಚಿಂತೆ ಮಾರುವವರು ಮಾಡಬೇಕು. ಕಲ್ಲಿನ ಬಣ್ಣಕ್ಕೆ ಅಷ್ಟೊಂದು ಬಟನ್ ಇಟ್ಟವರು ನಿಕಲ್ ಇಲ್ಲದ ಟೈಟಾನಿಯಂ ಕಡ್ಡಿ ಬೇಕಾ ಅಂತ ಇನ್ನೊಂದು ಬಟನ್ ಇಡಬಹುದಿತ್ತು.

ಬ್ರೇಸ್‌ಲೆಟ್‌ಗೆ 4 ಸ್ಟಾರ್, ಓಲೆಗೆ 1. ಬ್ರೇಸ್‌ಲೆಟ್‌ನ ಸರಪಳಿ ಸ್ಟೇನ್‌ಲೆಸ್ ಸ್ಟೀಲ್ ಅಂತ ಸ್ಪಷ್ಟವಾಗಿ ಬರೆದಿದ್ದರು. ಅದರಿಂದ ಇದುವರೆಗೆ ಏನೂ ತೊಂದರೆ ಆಗಿಲ್ಲ, ಮಗಳು ಮಲಗುವಾಗಲೂ ಬಿಚ್ಚುತ್ತಿಲ್ಲ.