ಭಾಡೆ, ಪಗಾರ, ಲೈಟ್ ಬಿಲ್ಲಿಗೂ ದುಡ್ಡು ಕೊಡೋ ಗ್ರಾಂಟ್: ತಗೊಂಡ ಮೇಲಿನ ರಿವ್ಯೂ

ಮುಂಬಯಿಯ ಭಾಂಡುಪ್ ವೆಸ್ಟ್‌ನಲ್ಲಿ ವಯಸ್ಸಾದವರಿಗೆ ಅಂತ ಹಗಲು ಹೊತ್ತು ಒಂದು ಸೆಂಟರ್ ನಡೆಸೋ ಸಣ್ಣ ಟ್ರಸ್ಟ್‌ನ ಲೆಕ್ಕಪತ್ರ ನೋಡ್ಕೋತೀನಿ ನಾನು. ನಮಗೆ ದಕ್ಷಿಣ ಮುಂಬಯಿಯ ಒಂದು ಫ್ಯಾಮಿಲಿ ಟ್ರಸ್ಟ್‌ನಿಂದ ಮೂರು ವರ್ಷದ ಕೋರ್ ಫಂಡಿಂಗ್ ಗ್ರಾಂಟ್ ಸಿಕ್ಕಿದೆ, ಈಗ ಎರಡನೇ ವರ್ಷ ನಡೀತಿದೆ. ಮುಂಬಯಿ ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ಹಿರಿಯರಿಗಾಗಿ ಕೆಲಸ ಮಾಡೋರು ತುಂಬಾ ಜನ ಇದ್ದಾರೆ, ಇಂಥ ಗ್ರಾಂಟ್ ಹೇಗಿರತ್ತೆ, ಅಪ್ಲೈ ಮಾಡಿದ್ರೆ ಪ್ರಯೋಜನ ಇದೆಯಾ ಅಂತ ಕೇಳ್ತಾ ಇರ್ತಾರೆ, ಅದಕ್ಕೆ ಬರೀತಿದೀನಿ. ಕೊಟ್ಟವರ ಹೆಸರು ಹಾಕಲ್ಲ, ಒಳ್ಳೇದರ ಜೊತೆ ಕೆಲವು ತಕರಾರೂ ಹೇಳೋದಿದೆ.

ಕೋರ್ ಫಂಡಿಂಗ್ ಅಂದ್ರೆ ಇಷ್ಟೇ, ಸಂಸ್ಥೆ ಬಾಗಿಲು ತೆಗೆದು ಇಟ್ಕೊಳ್ಳೋಕೆ ಬೇಕಾದ ದುಡ್ಡು. ರೂಮಿನ ಭಾಡೆ, ಆಯಾನ ಪಗಾರ, ಲೈಟ್ ಬಿಲ್ಲು, ಸಿಎ ಫೀಸು, ಅಜ್ಜಿಯಂದಿರನ್ನ ಮನೆಯಿಂದ ಕರ್ಕೊಂಡು ಬರೋ ರಿಕ್ಷಾ. ಹೊಸ ಪ್ರಾಜೆಕ್ಟ್ ತೋರಿಸಿ ಅಂತ ಕೇಳಲ್ಲ, ನೀವು ಈಗ ಮಾಡ್ತಿರೋದನ್ನೇ ಚೆನ್ನಾಗಿ ಮಾಡಿ ಅಂತಾರೆ. ಕೇಳೋಕೆ ಸಾಧಾರಣ ಅನ್ನಿಸಬಹುದು, ಆದ್ರೆ ಈ ಥರ ಕೊಡೋರು ಎಷ್ಟು ಕಮ್ಮಿ ಅನ್ನೋದು ಲೆಕ್ಕ ಬರೆಯೋರಿಗೇ ಗೊತ್ತು.

ಈ ಮೊದಲು ನಮಗೆ ಬರ್ತಿದ್ದ ಸಹಾಯ ಎಲ್ಲಾ ವಸ್ತು ರೂಪದ್ದು. ಅಕ್ಟೋಬರ್ 1 ವಿಶ್ವ ಹಿರಿಯರ ದಿನ, ಆವತ್ತು ಯಾರಾದ್ರೂ ಬಂದು ಶಾಲು ಹೊದಿಸಿ, ಹಣ್ಣು ಹಂಚಿ, ವ್ಹೀಲ್‌ಚೇರ್ ಕೊಟ್ಟು ಹೋಗ್ತಾರೆ. ಅವರ ಮನಸ್ಸು ಒಳ್ಳೇದೇ, ನಾನು ಖಂಡಿತ ಕೀಳಾಗಿ ನೋಡಲ್ಲ. ಆದ್ರೆ ಭಾಂಡುಪ್‌ನ ಗುಡ್ಡದ ಮೇಲಿನ ಚಾಳಿಂದ ಆ ಇಳಿಜಾರು ಗಲ್ಲಿಯಲ್ಲಿ ಒಬ್ಬ ಅಜ್ಜನ್ನ ಕೆಳಗೆ ಕರ್ಕೊಂಡು ಬರೋಕೆ ವ್ಹೀಲ್‌ಚೇರ್ ಒಂದೇ ಸಾಲಲ್ಲ, ಕೈ ಹಿಡಿಯೋಕೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ತಿಂಗಳ ಕೊನೆಗೆ ಪಗಾರ ಬೇಕು, ಆ ಪಗಾರ ಯಾರ ಬಜೆಟ್‌ನಲ್ಲೂ ಇರಲ್ಲ.

ನಮ್ಮಲ್ಲಿಗೆ ಬರೋರು ಯಾರು ಅಂದ್ರೆ, ಹತ್ತು ಹನ್ನೆರಡು ವಯಸ್ಸಿಗೆ ಊರು ಬಿಟ್ಟು ಬಂದು ಹೋಟೆಲಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವರು, ಪಿಎಫ್ ಇಲ್ಲ ಪೆನ್ಷನ್ ಇಲ್ಲ. ಅವರ ಹೆಂಡತಿಯರು, ಗಂಡ ಹೋದ ಮೇಲೆ ಮಗನ ಒಂದು ರೂಮಿನ ಮನೆಯಲ್ಲಿ ಹಗಲೆಲ್ಲಾ ಒಬ್ಬರೇ ಕೂತಿರೋರು. ಇವರಿಗೆ ಮಹಾರಾಷ್ಟ್ರ ಸರ್ಕಾರದ ಶ್ರಾವಣ ಬಾಳ ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿ ಸಿಗಬಹುದು, ಆದ್ರೆ 65 ಆಗಿರಬೇಕು, ಮನೆಯ ವರ್ಷದ ಆದಾಯ 21,000 ರೂಪಾಯಿ ಒಳಗಿರಬೇಕು, ಅದಕ್ಕೆ ಉತ್ಪನ್ನ ದಾಖಲಾ, ಅಂದ್ರೆ ಆದಾಯದ ಸರ್ಟಿಫಿಕೇಟ್ ತರಬೇಕು, ಕಾಗದ ಎಲ್ಲಾ ಮರಾಠಿಯಲ್ಲಿ. 70 ದಾಟಿದವರಿಗೆ ಆದಾಯ ಎಷ್ಟೇ ಇದ್ರೂ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ನೋಡ್ಕೊಳ್ಳೋ ಆಯುಷ್ಮಾನ್ ವಯ ವಂದನ ಕಾರ್ಡ್ 2024ರ ಅಕ್ಟೋಬರ್‌ನಿಂದ ಶುರುವಾಗಿದೆ, ಅದಕ್ಕೆ ಆಧಾರ್ ಸರಿ ಇರಬೇಕು, ಬೆರಳಚ್ಚು ಸವೆದು ಹೋಗಿರೋ ಕೈಗಳಿಗೆ ಅದೂ ಒಂದು ಒದ್ದಾಟ. ನವೆಂಬರ್ ಬಂದ್ರೆ ಪೆನ್ಷನ್ ಇರೋ ಕೆಲವರ ಜೀವನ್ ಪ್ರಮಾಣ್, ಅಂದ್ರೆ ಇನ್ನೂ ಬದುಕಿದೀವಿ ಅಂತ ತೋರಿಸೋ ಸರ್ಟಿಫಿಕೇಟ್. ಇದನ್ನೆಲ್ಲಾ ನಮ್ಮಲ್ಲಿ ನೋಡ್ಕೊಳ್ಳೋದು ಒಬ್ಬ ತಾಯಿ. ಕನ್ನಡ, ತುಳು, ಮರಾಠಿ ಮೂರೂ ಮಾತಾಡ್ತಾರೆ, ಯಾವ ಕಾಗದ ಯಾವ ಕಿಟಕಿಗೆ ಹೋಗಬೇಕು ಅಂತ ಅವರಿಗೆ ಬಾಯಿಪಾಠ. ನನ್ನ ಕೇಳಿದ್ರೆ ಸೆಂಟರ್ ಅಂದ್ರೆ ಅವರೇ. ಆದ್ರೆ ಯಾವ ಡೋನರ್‌ಗೆ ಅಪ್ಲಿಕೇಶನ್ ಹಾಕಿದ್ರೂ ಅವರ ಪಗಾರ ಅಡ್ಮಿನ್ ಖರ್ಚು ಅಂತ ಕೆಂಪು ಗೆರೆ ಎಳೆದು ವಾಪಸ್ ಬರ್ತಿತ್ತು.

ಇಲ್ಲಿ ಕಂಪನಿಗಳ ಸಿಎಸ್‌ಆರ್ ಬಗ್ಗೆ ಒಂದು ಮಾತು ಹೇಳಲೇಬೇಕು, ತುಂಬಾ ಸಂಸ್ಥೆಗಳು ಇದನ್ನ ತಿಳ್ಕೊಳ್ಳದೆ ಸುಮ್ಮನಾಗ್ತವೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆಲ್ಲಾ ಮಾಡಬಹುದು ಅನ್ನೋ ಏಳನೇ ಶೆಡ್ಯೂಲ್‌ನಲ್ಲಿ ವೃದ್ಧಾಶ್ರಮ ಮತ್ತು ಹಿರಿಯರ ಡೇ ಕೇರ್ ಸೆಂಟರ್ ಎರಡೂ ಇವೆ. ಆಮೇಲೆ 2021ರ ತಿದ್ದುಪಡಿಯಲ್ಲಿ ಆಡಳಿತ ಖರ್ಚು 5% ದಾಟಬಾರದು ಅಂತಿದೆ, ಇದನ್ನೇ ಹಿಡ್ಕೊಂಡು ಕಂಪನಿಯೋರು ನಿಮ್ಮ ಪಗಾರ, ಭಾಡೆ ಎಲ್ಲಾ 5% ಒಳಗೆ ತನ್ನಿ ಅಂತಾರೆ. ನಿಯಮ ಓದಿ ನೋಡಿ, ಆ 5% ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡೋ ಖರ್ಚಿಗೆ, ಪ್ರಾಜೆಕ್ಟ್ ನಡೆಸೋಕೆ ನೇರವಾಗಿ ಆಗೋ ಖರ್ಚು ಅದರಲ್ಲಿ ಬರಲ್ಲ. ಅಜ್ಜಿಯ ಕೈ ಹಿಡಿದು ಕರ್ಕೊಂಡು ಬರೋಳ ಪಗಾರ ನೇರ ಖರ್ಚಲ್ಲದೆ ಇನ್ನೇನು? ಮೀಟಿಂಗ್‌ಗೆ ಹೋಗುವಾಗ ಆ ನಿಯಮದ ಪ್ರಿಂಟ್ ಔಟ್ ಜೊತೆಗಿರಲಿ.

ಈಗ ಗ್ರಾಂಟ್ ವಿಷಯ. ಫಾರ್ಮ್ ಚಿಕ್ಕದು, ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳಿದ್ರು, ಆಮೇಲೆ ಅವರೇ ಬಂದು ಅರ್ಧ ದಿನ ಸೆಂಟರ್‌ನಲ್ಲಿ ಕೂತ್ರು. ನಮ್ಮ ಜೊತೆ ಮಾತಾಡಿದ್ದಕ್ಕಿಂತ ಜಾಸ್ತಿ ಅಲ್ಲಿಗೆ ಬರೋ ಹಿರಿಯರ ಜೊತೆ ಮಾತಾಡಿದ್ರು, ಊಟ ಹೇಗಿದೆ, ಒಂದು ವಾರ ಬರದೇ ಇದ್ರೆ ಯಾರಾದ್ರೂ ಮನೆಗೆ ಬಂದು ನೋಡ್ತಾರಾ ಅಂತ. ಆ ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟ ಆಯ್ತು, ಕೆಲಸ ಗೊತ್ತಿರೋರು ಮಾತ್ರ ಕೇಳೋ ಪ್ರಶ್ನೆ ಅದು. ನಮ್ಮ ವರ್ಷದ ಖರ್ಚಿನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಅವರದು, ಆರು ತಿಂಗಳಿಗೊಮ್ಮೆ ಮುಂಗಡವಾಗಿ ಬರತ್ತೆ. ಈ ಮುಂಗಡ ಅನ್ನೋದು ದೊಡ್ಡ ವಿಷಯ, ಯಾಕಂದ್ರೆ ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕೊಡಿ ಅಂದ್ರೆ ಸಣ್ಣ ಸಂಸ್ಥೆಯಲ್ಲಿ ಆ ಮಧ್ಯದ ತಿಂಗಳುಗಳನ್ನ ಯಾರಾದ್ರೂ ಟ್ರಸ್ಟಿ ತಮ್ಮ ಜೇಬಿಂದ ತುಂಬಬೇಕಾಗತ್ತೆ. ರಿಪೋರ್ಟ್ ವರ್ಷಕ್ಕೆ ಎರಡು, ತಲಾ ಎರಡು ಪುಟ, ಊಟದ ತಟ್ಟೆ ಹಿಡ್ಕೊಂಡಿರೋ ಹಿರಿಯರ ಫೋಟೋ ಕಳಿಸಿ ಅಂತ ಒಮ್ಮೆಯೂ ಕೇಳಿಲ್ಲ. ಹಿರಿಯರ ಮರ್ಯಾದೆ ಕಾಪಾಡಿದ್ರು, ಇದಕ್ಕೆ ನಾನು ಮನಸಾರೆ ಕೃತಜ್ಞ.

ಬದಲಾಗಿದ್ದೇನು ಅಂದ್ರೆ, ನಮ್ಮ ರೂಮಿನ ಲೀವ್ ಅಂಡ್ ಲೈಸೆನ್ಸ್ (ಭಾಡೆ ಕರಾರು) 11 ತಿಂಗಳದ್ದು, ಪ್ರತಿ ಸಲ ರಿನ್ಯೂ ಟೈಮಲ್ಲಿ ಈ ಸಲ ಉಳೀತೀವಾ ಅನ್ನೋ ಚಿಂತೆ ಇರ್ತಿತ್ತು, ಈಗ ಮಾಲೀಕರ ಜೊತೆ ಕೂತು ಉದ್ದದ ಅಗ್ರಿಮೆಂಟ್ ಮಾಡ್ಕೊಂಡ್ವಿ. ಮೇಲೆ ಹೇಳಿದ ತಾಯಿಗೆ ಪಗಾರ ತಾರೀಖಿಗೆ ಸರಿಯಾಗಿ ಹೋಗತ್ತೆ, ಬೇರೆ ಕಡೆ ಕೆಲಸ ಹುಡುಕ್ತಿದ್ದವರು ಉಳ್ಕೊಂಡ್ರು. ಮಳೆಗಾಲದಲ್ಲೂ ರಿಕ್ಷಾ ನಿಲ್ಲಿಸಲಿಲ್ಲ, ಜುಲೈನಲ್ಲೇ ಹಿರಿಯರು ಜಾಸ್ತಿ ಮನೆಯಲ್ಲಿ ಸಿಕ್ಕಿಹಾಕ್ಕೊಳ್ಳೋದು.

ತಕರಾರು. ಫಾರ್ಮ್, ಇಂಟರ್‌ವ್ಯೂ ಎಲ್ಲಾ ಇಂಗ್ಲಿಷ್‌ನಲ್ಲಿ ಮಾತ್ರ, ನಮ್ಮ ಹಾಗೆ ಯಾರೋ ಬರೆಯೋರು ಇದ್ರೆ ಸರಿ, ಇಲ್ಲದೇ ಇರೋ ಒಳ್ಳೆ ಸಂಸ್ಥೆಗಳು ಅಲ್ಲೇ ಬಿದ್ದು ಹೋಗ್ತವೆ. ಮೂರನೇ ವರ್ಷ ಮೊತ್ತ ಕಮ್ಮಿ ಆಗತ್ತೆ, ಭಾಡೆ ಮಾತ್ರ ಆ ವರ್ಷ ಏರತ್ತೆ. ಎಲ್ಲಕ್ಕಿಂತ ದೊಡ್ಡದು, ವರ್ಷದ ಕೊನೆಗೆ ಉಳಿದ ದುಡ್ಡು ವಾಪಸ್ ಮಾಡಬೇಕು, ರಿಸರ್ವ್ ಇಟ್ಕೊಳ್ಳೋ ಹಾಗಿಲ್ಲ. ಇನ್‌ಕಮ್ ಟ್ಯಾಕ್ಸ್ ಕಾನೂನೇ ಟ್ರಸ್ಟ್‌ಗಳಿಗೆ ಆದಾಯದ 15% ಉಳಿಸ್ಕೊಳ್ಳೋಕೆ ಬಿಡತ್ತೆ, ಕೊಡೋರು ಯಾಕೆ ಬಿಡಬಾರದು? ಮೂರು ತಿಂಗಳ ಭಾಡೆ ಬ್ಯಾಂಕಲ್ಲಿದ್ರೆ ಸೆಂಟರ್ ಹೆದರದೆ ನಡೆಯತ್ತೆ. ಇದನ್ನ ಅವರಿಗೆ ಬರೆದು ಕೊಟ್ಟಿದೀನಿ, ಯೋಚನೆ ಮಾಡ್ತೀವಿ ಅಂದಿದ್ದಾರೆ.

ಇಂಥದ್ದು ಬೇರೆ ಎಲ್ಲೂ ಇಲ್ಲ ಅಂತಲ್ಲ. ಕೋವಿಡ್ ಟೈಮಲ್ಲಿ, 2021ರಲ್ಲಿ, ಮುಂಬಯಿಯ ಎಡೆಲ್‌ಗಿವ್ ಫೌಂಡೇಶನ್ ಗ್ರೋ ಫಂಡ್ ಅಂತ ಮಾಡಿ 100 ಸಂಸ್ಥೆಗಳಿಗೆ 24 ತಿಂಗಳು ಇದೇ ಥರದ ಮೂಲ ಖರ್ಚಿಗೆ ನೆರವು ಕೊಡ್ತು. ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲೂ ಎನ್‌ಜಿಒಗಳಿಗೆ ಗ್ರಾಂಟ್ ಇದೆ, ಅದು ಮುಖ್ಯವಾಗಿ ವೃದ್ಧಾಶ್ರಮಗಳಿಗೆ, ಅಲ್ಲೇ ಉಳ್ಕೊಳ್ಳೋ ವ್ಯವಸ್ಥೆ ಇರೋರು ನೋಡಬಹುದು.

ಒಟ್ಟಾರೆ ಐದರಲ್ಲಿ ನಾಲ್ಕು ಕೊಡ್ತೀನಿ, ರಿಸರ್ವ್‌ಗೆ ಬಿಟ್ಟಿದ್ರೆ ಐದೂ ಕೊಡ್ತಿದ್ದೆ. ಅಪ್ಲೈ ಮಾಡೋ ಯೋಚನೆ ಇದ್ರೆ 12ಎ (ಟ್ರಸ್ಟ್‌ನ ಆದಾಯಕ್ಕೆ ಟ್ಯಾಕ್ಸ್ ರಿಯಾಯಿತಿ ಕೊಡೋ ನೋಂದಣಿ), 80ಜಿ (ದಾನ ಕೊಟ್ಟವರಿಗೆ ಟ್ಯಾಕ್ಸ್ ರಿಯಾಯಿತಿ ಕೊಡೋದು), ದರ್ಪಣ್ ನಂಬರ್ (ಸರ್ಕಾರದ ಎನ್‌ಜಿಒ ಪೋರ್ಟಲ್‌ನದು) ಇವೆಯಾ ನೋಡ್ಕೊಳ್ಳಿ, ಕಂಪನಿ ದುಡ್ಡು ಬೇಕು ಅಂದ್ರೆ ಸಿಎಸ್‌ಆರ್-1 ಅನ್ನೋ ಸರ್ಕಾರಿ ನೋಂದಣಿ ಕೂಡ. ಮಹಾರಾಷ್ಟ್ರದಲ್ಲಿ ಟ್ರಸ್ಟಿ ಬದಲಾದ್ರೆ 90 ದಿನದೊಳಗೆ ಚಾರಿಟಿ ಕಮಿಷನರ್ ಹತ್ರ ಚೇಂಜ್ ರಿಪೋರ್ಟ್ ಹಾಕಬೇಕು, ಡೋನರ್‌ಗಳು ಟ್ರಸ್ಟಿಗಳ ಹೆಸರಿರೋ ಶೆಡ್ಯೂಲ್ ಒನ್ ಪ್ರತಿ ಕೇಳ್ತಾರೆ, ಅದರಲ್ಲಿ ತೀರಿಹೋದವರ ಹೆಸರು ಇನ್ನೂ ಇದ್ರೆ ಫೈಲ್ ಅಲ್ಲೇ ನಿಲ್ಲತ್ತೆ, ಹಳೇ ಸಂಘಗಳು ಇದನ್ನ ಇವತ್ತೇ ತೆಗೆದು ನೋಡಿ. ಬಜೆಟ್ ಮಾಡುವಾಗ ಆಯಾ, ರಿಕ್ಷಾ, ಕಾಗದಪತ್ರ ನೋಡೋರ ಪಗಾರ ಯಾವುದನ್ನೂ ಇತರೆ ಖರ್ಚು ಅಂತ ಒಂದೇ ಸಾಲಲ್ಲಿ ಸೇರಿಸಬೇಡಿ, ಒಂದೊಂದನ್ನೂ ಬೇರೆ ಬೇರೆ ಬರೆದು, ಅದರಿಂದ ಎಷ್ಟು ಹಿರಿಯರಿಗೆ ಏನು ಸಿಗತ್ತೆ ಅಂತ ಪಕ್ಕದಲ್ಲೇ ಹಾಕಿ. ನಮ್ಮ ಫಾರ್ಮ್‌ನ ಪ್ರತಿ ಬೇಕಾದವರು ಯಾವುದಾದ್ರೂ ಮಧ್ಯಾಹ್ನ ಸೆಂಟರ್‌ಗೆ ಬನ್ನಿ, ಕೂತು ತೋರಿಸ್ತೀನಿ.