ದುಡ್ಡು ಕಟ್ಟುವ ಕಾಫಿ ಕಪ್: ಕಪ್ ಇನ್ನೂ ಇದೆ, ಚಿಪ್ ಕೈಕೊಟ್ಟಿತು

ಮೊದಲೇ ಹೇಳಿಬಿಡುತ್ತೇನೆ: ಕಪ್‌ಗೆ ಐದಕ್ಕೆ ನಾಲ್ಕು, ಅದರ ತಳದಲ್ಲಿದ್ದ ಚಿಪ್‌ಗೆ ಎರಡು.

ಇದು ಮತ್ತೆ ಮತ್ತೆ ಬಳಸುವ ಕಾಫಿ ಕಪ್, ಬುಡವನ್ನು ಪೇಮೆಂಟ್ ಮಷೀನಿಗೆ ತಾಗಿಸಿದರೆ ದುಡ್ಡು ಕಟ್ಟುತ್ತದೆ. 2018ರ ಕೊನೆಯಲ್ಲಿ ಲಂಡನ್‌ನಲ್ಲಿ ಕೊಂಡದ್ದು. ಇಲ್ಲಿನ ದೊಡ್ಡ ಕಾಫಿ ಚೈನ್ ಒಂದು ಮಾರುತ್ತಿತ್ತು. ಮಾಮೂಲಿ ಕಪ್‌ಗಿಂತ ಬೆಲೆ ಸಾಕಷ್ಟು ಜಾಸ್ತಿ. ಯಾರದು ಅಂತ ಹೇಳುವುದಿಲ್ಲ, ಯಾಕೆಂದರೆ ನನ್ನ ತಕರಾರು ಇಂಥ ಎಲ್ಲ ಕಪ್‌ಗಳ ಮೇಲೂ ಇದೆ. ಕಪ್ಪಿನೊಳಗೆ ಕಾರ್ಡ್ ಇಡುವ ಐಡಿಯಾ ಇವರದೇನೂ ಅಲ್ಲ, ಮೆಲ್ಬರ್ನಿನ ಫ್ರ್ಯಾಂಕ್ ಗ್ರೀನ್ ಕಂಪನಿ ವೀಸಾ ಕಾರ್ಡಿನವರ ಜೊತೆ ಸೇರಿ ಅದನ್ನು ಮುಂಚೆಯೇ ಮಾಡಿತ್ತು.

ಆ ವರ್ಷ ಬ್ರಿಟನ್ನಿನಲ್ಲಿ ಎಲ್ಲರ ಬಾಯಲ್ಲೂ ಕಪ್ಪಿನದೇ ಮಾತು. ದೇಶದಲ್ಲಿ ವರ್ಷಕ್ಕೆ 250 ಕೋಟಿ ಕಾಗದದ ಕಾಫಿ ಕಪ್ ಕಸಕ್ಕೆ ಹೋಗುತ್ತವೆ, 400ರಲ್ಲಿ ಒಂದು ಕೂಡ ರೀಸೈಕಲ್ ಆಗುವುದಿಲ್ಲ ಅಂತ ಸಂಸತ್ತಿನ ಪರಿಸರ ಸಮಿತಿ ಜನವರಿಯಲ್ಲಿ ವರದಿ ಕೊಟ್ಟಿತ್ತು. ಕಾಗದದ ಒಳಮೈಗೆ ಅಂಟಿಸಿದ ಪ್ಲಾಸ್ಟಿಕ್ ಪದರ ಸುಲಭಕ್ಕೆ ಬಿಟ್ಟುಕೊಳ್ಳದಿರುವುದೇ ಕಾರಣ. ಪ್ರತಿ ಕಪ್‌ಗೆ 25 ಪೆನ್ಸ್ ಶುಲ್ಕ ಹಾಕಿ ಅಂದಿತು ಸಮಿತಿ. ಸರ್ಕಾರ ಹಾಕಲಿಲ್ಲ. ಸ್ವಂತ ಕಪ್ ತಂದವರಿಗೆ ಅಂಗಡಿಗಳು ತಾವೇ ರಿಯಾಯಿತಿ ಕೊಟ್ಟರೆ ಸಾಕು ಅಂದಿತು. ರಿಯಾಯಿತಿಗೆ ಜನ ಜಗ್ಗುವುದಿಲ್ಲ, ಮೇಲೆ ದುಡ್ಡು ಕೇಳಿದರೆ ಮನೆಯಿಂದ ಕಪ್ ತರುತ್ತಾರೆ ಅಂತ ಕಾರ್ಡಿಫ್ ವಿಶ್ವವಿದ್ಯಾಲಯದವರು ಅಷ್ಟರಲ್ಲಾಗಲೇ ಅಧ್ಯಯನ ಮಾಡಿ ತೋರಿಸಿದ್ದರು. ನಾನೂ ರಿಯಾಯಿತಿ ನೋಡಿ ಕೊಂಡವನಲ್ಲ. ಚಳಿಯಲ್ಲಿ ಗ್ಲೌಸ್ ಬಿಚ್ಚಿ, ಕೋಟಿನ ಒಳಜೇಬಿನಿಂದ ಪರ್ಸ್ ತೆಗೆಯುವ ರಗಳೆ ತಪ್ಪಲಿ ಅಂತ ಕೊಂಡೆ.

ಕಪ್ಪಿನ ತಳಕ್ಕೆ ಸಿಲಿಕೋನಿನ ಒಂದು ಬಿಲ್ಲೆ. ಅದರ ಹೊಟ್ಟೆಯಲ್ಲಿ ಪುಟ್ಟ ಚಿಪ್. ಅದಕ್ಕೆ ಬ್ಯಾಟರಿ ಇಲ್ಲ, ಚಾರ್ಜಿಂಗ್ ಇಲ್ಲ. ಪೇಮೆಂಟ್ ಮಷೀನಿನ ತೀರಾ ಹತ್ತಿರ ಹಿಡಿದರೆ ಮಷೀನೇ ಅದಕ್ಕೆ ಶಕ್ತಿ ಕೊಟ್ಟು ಎಬ್ಬಿಸುತ್ತದೆ. ನಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡಿನಲ್ಲಿರುವುದೂ ಇದೇ. ದುಡ್ಡನ್ನು ಮೊದಲೇ ಆ್ಯಪ್ ಮೂಲಕ ತುಂಬಿಸಿಡಬೇಕು. ಲೋಹ ಅಡ್ಡ ಬಂದರೆ ಸಿಗ್ನಲ್ ಕೆಡುತ್ತದೆ, ಅದಕ್ಕೇ ಅದನ್ನು ಸ್ಟೀಲಿನೊಳಗೆ ಹುದುಗಿಸದೆ ಸಿಲಿಕೋನಿನಲ್ಲಿ ಇಟ್ಟಿದ್ದಾರೆ.

ಖಾಲಿ ಕಪ್ ಆದರೆ ಎಲ್ಲ ಸಲೀಸು. ಆರ್ಡರ್ ಹೇಳು, ಕಪ್ಪಿನ ಬುಡವನ್ನು ಮಷೀನಿಗೆ ತಾಗಿಸು, ಬೀಪ್ ಅನ್ನುತ್ತದೆ, ಅದೇ ಕಪ್ಪನ್ನು ಕೌಂಟರಿನವರ ಕೈಗೆ ಕೊಡು. ಹೊಸದರಲ್ಲಿ ಅವರೂ ಕಣ್ಣರಳಿಸಿ ನೋಡುತ್ತಿದ್ದರು. ಆದರೆ ಕಾಫಿ ತುಂಬಿಸಿಕೊಂಡ ಮೇಲೆ ಒಂದು ಕ್ರೋಸಾನ್ ಬೇಕು ಅನ್ನಿಸಿತು ಅಂದುಕೊಳ್ಳಿ. ಮಷೀನಿನ ಪರದೆ ಮೇಲ್ಮುಖವಾಗಿದ್ದರೆ ಕಪ್ಪನ್ನು ಅದರ ಮೇಲೆ ಕೂರಿಸಬಹುದು. ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತ ಮಷೀನ್ ಆದರೆ ಬಿಸಿ ಕಾಫಿಯ ಕಪ್ಪನ್ನು ಓರೆ ಮಾಡಬೇಕು. ಮುಚ್ಚಳದ ತೂತಿನಿಂದ ಒಂದು ಹನಿಯಾದರೂ ಇಳಿಯದೆ ಇರುವುದಿಲ್ಲ. ನನ್ನ ಬಿಳಿ ಅಂಗಿಗಳ ತೋಳು ಇದಕ್ಕೆ ಸಾಕ್ಷಿ.

ಅದಕ್ಕಿಂತ ದೊಡ್ಡ ತೊಂದರೆ ಮನೆಯಲ್ಲಿ. ಹಾಲಿನ ಕಾಫಿ ಹಾಕಿದ ಕಪ್ಪನ್ನು ದಿನಾ ತೊಳೆಯಲೇಬೇಕು. ಮುಚ್ಚಳದ ರಬ್ಬರ್ ಉಂಗುರದ ಸಂದಿಯಲ್ಲಿ ಹಾಲಿನ ಕಲೆ ಕೂತು, ಒಂದು ದಿನ ಬಿಟ್ಟರೂ ಹುಳಿ ವಾಸನೆ. ಡಿಶ್‌ವಾಷರಿಗೆ ಹಾಕುವ ಮುಂಚೆ ಹೆಬ್ಬೆರಳ ಉಗುರಿನಿಂದ ಬಿಲ್ಲೆಯನ್ನು ಎಬ್ಬಿಸಿ ಚಿಪ್ ತೆಗೆಯಬೇಕು, ಒಣಗಿದ ಮೇಲೆ ಮತ್ತೆ ಸೇರಿಸಬೇಕು. ನಮ್ಮನೆಯಲ್ಲಿ ಅದರ ಕಾಯಂ ಜಾಗ ಚಮಚಗಳ ಡ್ರಾಯರ್. "ನಿಮ್ಮ ದುಡ್ಡು ಸೌಟಿನ ಕೆಳಗಿದೆ ನೋಡ್ರಿ" ಅಂತ ಹೆಂಡತಿ ಬೆಳಗ್ಗೆ ಬಾಗಿಲವರೆಗೆ ಬಂದು ನೆನಪಿಸುತ್ತಿದ್ದಳು. ಇಡೀ ಯೋಜನೆಯ ಎಡವಟ್ಟು ಇಲ್ಲೇ ಇರುವುದು. ದುಡ್ಡು ಯಾವಾಗಲೂ ಮೈಮೇಲೆ ಇರಬೇಕಾದ್ದು, ಕಪ್ಪಾದರೋ ಅರ್ಧ ದಿನ ಸಿಂಕಿನಲ್ಲಿ ಇರುವಂಥದ್ದು. ಇವೆರಡಕ್ಕೆ ಗಂಟು ಹಾಕಿದವರು ಪಾತ್ರೆ ತೊಳೆದವರಲ್ಲ ಅಂತ ನನ್ನ ಗುಮಾನಿ.

2020ರ ಮಾರ್ಚಿನಲ್ಲಿ ತಮಾಷೆಯಾಯಿತು. ಕೋವಿಡ್ ಅಂತ ಕಾಫಿ ಚೈನ್‌ಗಳು ಗಿರಾಕಿಗಳ ಸ್ವಂತ ಕಪ್ ಮುಟ್ಟುವುದನ್ನೇ ನಿಲ್ಲಿಸಿದವು. ಅದೇ ಹೊತ್ತಿಗೆ ನೋಟು ಯಾರಿಗೂ ಬೇಡ, ಎಲ್ಲ ಕಡೆ ಟ್ಯಾಪ್ ಮಾಡಿ ಅನ್ನತೊಡಗಿದರು. ಏಪ್ರಿಲ್ 1ಕ್ಕೆ ಕಾಂಟ್ಯಾಕ್ಟ್‌ಲೆಸ್ ಮಿತಿ 30 ಪೌಂಡಿನಿಂದ 45ಕ್ಕೆ ಏರಿತು. ಕಪ್ ಅಟ್ಟ ಸೇರಿತು, ಚಿಪ್ ಮಾತ್ರ ನನ್ನ ಬೀಗದ ಕೈ ಗೊಂಚಲಿಗೆ ಬಂತು. ದಿನಸಿ ಅಂಗಡಿಯಲ್ಲಿ ಅಕ್ಕಿ, ಬೇಳೆಗೆ ಅದರಲ್ಲೇ ದುಡ್ಡು ಕೊಟ್ಟೆ. ಆ ಚಿಪ್ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಕಪ್ಪಿನಿಂದ ಬೇರೆಯಾಗಿದ್ದ ಆ ತಿಂಗಳುಗಳಲ್ಲೇ.

ಅಂಗಡಿಗಳು ಮತ್ತೆ ಕಪ್ ತೆಗೆದುಕೊಳ್ಳಲು ಶುರು ಮಾಡಿದಾಗ ಎರಡನ್ನೂ ಜೋಡಿಸಿದೆ. ಆದರೆ ಅಷ್ಟರಲ್ಲಿ ಫೋನಿನಿಂದಲೇ ಟ್ಯಾಪ್ ಮಾಡಿ ಅಭ್ಯಾಸವಾಗಿತ್ತು. ಚಿಪ್‌ಗೂ ಬ್ಯಾಂಕ್ ಕಾರ್ಡಿನ ಹಾಗೆ ಮುಗಿಯುವ ದಿನಾಂಕ ಇರುತ್ತದೆ, ಅದು ಹತ್ತಿರ ಬಂದಿತ್ತು. ಮುಂದೆ ಸೇವೆಯೇ ನಿಲ್ಲುತ್ತದೆ ಅಂತ ಇಮೇಲ್ ಬಂತು, ಉಳಿದ ಬಾಕಿ ಖಾತೆಗೆ ವಾಪಸ್ ಬಂತು. ಅದರಲ್ಲಿ ದೂರು ಇಲ್ಲ. ದೂರು ಇರುವುದು ಬೇರೆ ವಿಷಯಕ್ಕೆ: ಹತ್ತು ವರ್ಷ ಬಾಳುವ ಕಪ್ಪಿಗೆ ಮೂರ್ನಾಲ್ಕು ವರ್ಷದ ಆಯಸ್ಸಿನ ಎಲೆಕ್ಟ್ರಾನಿಕ್ಸ್ ಅಂಟಿಸಿ, ಪರಿಸರದ ಹೆಸರು ಹೇಳಿ ಹೆಚ್ಚಿಗೆ ದುಡ್ಡು ಪಡೆದದ್ದು. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಇ-ಕಸದ ಒಂದು ಚೂರು.

ಊರಿಗೆ ಬಂದಾಗ ಒಮ್ಮೆ ಬೆಂಗಳೂರಿಗೂ ಈ ಕಪ್ ತಂದಿದ್ದೆ. ದರ್ಶಿನಿಯಲ್ಲಿ ಹೊರಗೆ ತೆಗೆಯಲೇ ಇಲ್ಲ. ಅಲ್ಲಿ ದುಡ್ಡಿಗೆ ಕೌಂಟರಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದರು, ಕಾಫಿ ಬಂದದ್ದು ತೊಳೆದಿಟ್ಟ ಲೋಟದಲ್ಲಿ.

ಕಪ್ಪಿನ ವಿಚಾರಕ್ಕೆ ಬಂದರೆ, ಸೋರುವುದಿಲ್ಲ (ಓರೆ ಮಾಡದಿದ್ದರೆ), ಅರ್ಧ ಗಂಟೆ ಬಿಸಿ ಹಿಡಿಯುತ್ತದೆ, ಬಣ್ಣ ಮಾಸಿಲ್ಲ. ಈಗಲೂ ದಿನಾ ಆಫೀಸಿಗೆ ಒಯ್ಯುತ್ತೇನೆ. ಇಂಥದ್ದು ಕೊಳ್ಳುವ ಮನಸ್ಸಿದ್ದರೆ ಚಿಪ್ ಬಿಚ್ಚಿ ಬರುತ್ತದೆಯೇ, ಅದಿಲ್ಲದೆಯೂ ಬಿಲ್ಲೆ ಗಟ್ಟಿಯಾಗಿ ಕೂರುತ್ತದೆಯೇ ಅಂತ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಮುಚ್ಚಳದ ರಬ್ಬರ್ ಉಂಗುರ ಬಿಡಿಯಾಗಿ ಸಿಗುತ್ತದೆಯೇ ಅಂತಲೂ ಕೇಳಿ. ಮೊದಲು ಹಾಳಾಗುವುದು ಅದೇ. ನನ್ನದಕ್ಕೆ ಬಿಡಿ ಸಿಗಲಿಲ್ಲ, ಬೇರೆ ಕಂಪನಿಯ ಉಂಗುರವನ್ನು ಕತ್ತರಿಸಿ ಕೂರಿಸಿಕೊಂಡಿದ್ದೇನೆ.